ಚೌಕದ ಕುಣಿ

ಮದುವೆಯಿರಲಿ, ಮಣ್ಣಿರಲಿ, ದ್ಯಾಮಣ್ಣ ಬಂದನೆಂದರೆ ಮನೆಯವರು ಕೈಕಟ್ಟಿ ಕೂತರೂ ನಡೆಯುತ್ತದೆ ಎಂದು ಹೆಬ್ಬಳ್ಳಿಯಲ್ಲಿ ಹೇಳುತ್ತಿದ್ದರು. ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಯಲ್ಲಿ ಹತ್ತಿಯ ದಲಾಲಿ ಮಾಡುತ್ತಲೇ ತಲೆ ನರೆತ ಮನುಷ್ಯ ಅವನು. ಯಾವ ಗಾಡಿ ಎಲ್ಲಿ ನಿಲ್ಲಬೇಕು, ಯಾವ ಹಿರಿಯನನ್ನು ಮೊದಲು ಮಾತಾಡಿಸಬೇಕು, ಯಾರ ಸಿಟ್ಟಿಗೆ ಚಹಾ ಸಾಕು, ಯಾರ ಸಿಟ್ಟಿಗೆ ಕಿವುಡನಾಗಿಬಿಡಬೇಕು ಎಂಬುದನ್ನೆಲ್ಲ ಅವನಿಗೆ ಯಾರೂ ಕಲಿಸಿದ್ದಲ್ಲ. ಅಂಥವನು ಸ್ವಂತ ಅಕ್ಕನ ಮಗನ ಮಣ್ಣಿಗೆ ಎಲ್ಲವನ್ನೂ ನೆನಪಿಟ್ಟು ಮಾಡಿಸಿ, ಒಂದನ್ನು ಮಾತ್ರ ಮರೆತ.

ಆ ಬೇಸಿಗೆಯಲ್ಲಿ ಗಡಿಯ ಮೇಲೆ ಎರಡೂ ಕಡೆಯಿಂದ ತೋಪು ಹಾರತೊಡಗಿದ್ದವು. ಟೀವಿಯವರು ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದರು. ಅಕ್ಕ ರತ್ನವ್ವ ಮನೆಯ ಟೀವಿಯ ವಾಯರನ್ನೇ ಕಿತ್ತಿಟ್ಟಿದ್ದಳು. ಆದರೆ ಫೋನಿನ ವಾಯರು ಕೀಳುವಂತಿರಲಿಲ್ಲವಲ್ಲ. ಬೆಳಿಗ್ಗೆ ಬಂದ ಫೋನು ಹಿಂದಿಯಲ್ಲಿತ್ತು. ರತ್ನವ್ವ ಅದನ್ನು ಮಗಳು ಭಾಗ್ಯಶ್ರೀಯ ಕೈಗೆ ಕೊಟ್ಟಳು. ಧಾರವಾಡದ ಕಾಲೇಜಿನಿಂದ ರಜೆಗೆ ಬಂದಿದ್ದ ಹುಡುಗಿ ಕೇಳುತ್ತ ಕೇಳುತ್ತ ಗೋಡೆಗೆ ಆತು, ಹಾಗೇ ಜಾರಿ ಕೆಳಗೆ ಕೂತಳು. ಅಣ್ಣ ಬಸವಕಿರಣ ತೋಪಖಾನೆಯಲ್ಲಿ ಮೂರು ವರ್ಷದ ಸಿಪಾಯಿ. ಅವನ ತೋಪಿನ ಮೇಲೆಯೇ ಆ ಕಡೆಯ ಗುಂಡು ಬಿದ್ದಿತ್ತು.

ದ್ಯಾಮಣ್ಣ ಹುಬ್ಬಳ್ಳಿಯಿಂದ ಬಂದು ಮುಟ್ಟುವಾಗ ಅಂಗಳ ತುಂಬ ಮಂದಿ. ರತ್ನವ್ವ ಅಳುತ್ತಿರಲಿಲ್ಲ. ತಮ್ಮನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ ಹೇಳಿದಳು.

"ದ್ಯಾಮಾ, ನಾ ಒಂದ ಕೇಳ್ತೀನಿ. ಅವನ ಮಾರಿ ನೋಡಬೇಕು. ಲಿಂಗ ನನ್ನ ಕೈಯಿಂದ ಅವನ ಅಂಗೈಯಾಗ ಇಡಬೇಕು. ಅವರಪ್ಪನ ಬಾಜೂಕ ಕುಂದರಸಬೇಕು. ಉಳದದ್ದು ಯಾರರ ಏನರ ಮಾಡಿಕೊಳ್ಳಲಿ."

"ಆಗಲಿ ಅಕ್ಕಾ," ಎಂದ ದ್ಯಾಮಣ್ಣ.

ಅವಳು ಕೇಳಿದ್ದು ಹೆಚ್ಚಿನದೇನಲ್ಲ. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಪೂಜೆಗೆ ಕೂತವರಂತೆ ಕಾಲು ಮಡಚಿ, ಎಡಗೈಯಲ್ಲಿ ಕೊರಳ ಲಿಂಗವನ್ನಿಟ್ಟು, ಚೌಕಾಗಿ ತೆಗೆದ ಕುಣಿಯ ಒಳಗೋಡೆಯಲ್ಲಿ ಗೂಡು ಕೊರೆದು ಅದರಲ್ಲಿ ಕೂರಿಸಿ, ವಿಭೂತಿ, ಪತ್ರಿ ತುಂಬಿ ಮುಚ್ಚುತ್ತಾರೆ. ರತ್ನವ್ವನ ಗಂಡ ಹೊಲದ ಬದುವಿನಲ್ಲಿ ಹಾಗೆಯೇ ಕೂತಿದ್ದ. ಅವಳ ಅತ್ತೆಮಾವಂದಿರೂ ಅಲ್ಲಿಯೇ. ಮಗನೂ ಅದೇ ಸಾಲಿನಲ್ಲಿ ಕೂಡಲಿ ಎನ್ನುವುದರಲ್ಲಿ ತಪ್ಪೇನಿತ್ತು?

ಹುಡುಗನಿಗೆ ಅಪ್ಪ ಸತ್ತಾಗ ಇನ್ನೂ ಹೈಸ್ಕೂಲು. ರಜೆ ಬಂದರೆ ಹುಬ್ಬಳ್ಳಿಗೆ, ಮಾವನ ಅಂಗಡಿಗೆ. ಹತ್ತಿಯ ಅಂಡಿಗೆಗಳನ್ನು ಹಮಾಲರಿಗೆ ಸಮನಾಗಿ ಹೊತ್ತು ಹಾಕುತ್ತಿದ್ದ. ದ್ಯಾಮಣ್ಣ ಅವನಿಗೆ ಲೆಕ್ಕಕ್ಕಿಂತ ಮೊದಲು ಕಲಿಸಿದ್ದು, ಹತ್ತಿ ಬಿಚ್ಚಿಟ್ಟು ಎಲ್ಲಿಗೂ ಹೋಗಬಾರದು ಎಂಬುದನ್ನು. ಒಂದು ಬೀಡಿಯ ಕಿಡಿ ಸಾಕು, ಗೋದಾಮಿನ ಜೊತೆ ಓಣಿಯೂ ಹೋಗುತ್ತದೆ. ಹುಡುಗ ಊಟಕ್ಕೆ ಏಳುವಾಗಲೂ ತಾಡಪಾಲು ಎಳೆದು ಮುಚ್ಚಿ ಏಳುತ್ತಿದ್ದ. ಮುಂದೆ ಸೈನ್ಯಕ್ಕೆ ಆಳು ತೆಗೆದುಕೊಳ್ಳುವ ದಿನ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದವನೂ ದ್ಯಾಮಣ್ಣನೇ. ಆ ಹೆಗಲು ನೋಡಿ ಅಲ್ಲಿಯವರು ತೋಪಿಗೆ ಗುಂಡು ತುಂಬುವ ಕೆಲಸಕ್ಕೆ ಹಾಕಿದರು.

ಕಡೆಯ ಸಲ ರಜೆಗೆ ಬಂದಿದ್ದು ಯುಗಾದಿಗೆ. ತೋಪಿನ ಸದ್ದಿಗೆ ಕಿವಿ ಸ್ವಲ್ಪ ಮಂದವಾಗಿ, ಮಾತು ಜೋರಾಗಿತ್ತು. ಅಡುಗೆಮನೆಯಲ್ಲಿ ಕೂತು ಅವನು ಎಣ್ಣೆಗಾಯಿ ಕೇಳಿದರೆ ನಾಲ್ಕು ಮನೆಗೆ ಕೇಳುತ್ತಿತ್ತು. "ಮೆಲ್ಲಕ ಮಾತಾಡೋ, ನಾ ಇಲ್ಲೇ ಕುಂತೇನಿ, ಧಾರವಾಡದಾಗಿಲ್ಲ," ಎಂದು ರತ್ನವ್ವ ಬೈಯುತ್ತಿದ್ದಳು. ಜೊತೆಗೆ ಒಬ್ಬ ಗೆಳೆಯನನ್ನೂ ಕರೆತಂದಿದ್ದ. ಹಳೇ ಹುಬ್ಬಳ್ಳಿಯ ಬಂದೇನವಾಜ, ಅದೇ ತೋಪಿನ ಮೇಲಿನವನು. ಅಷ್ಟು ದೂರದ ಬೆಟ್ಟದಲ್ಲಿ ತಮ್ಮ ಕಡೆಯ ಕನ್ನಡ ಕಿವಿಗೆ ಬಿದ್ದು ಒಬ್ಬರನ್ನೊಬ್ಬರು ಹಿಡಿದುಕೊಂಡವರು. ಕಿರಣನ ಹಿಂದಿ ಎಷ್ಟು ಚೆಂದವೆಂದರೆ ಹವಾಲ್ದಾರರು ಅವನಿಗೆ ಬೈಯಬೇಕಾದರೂ ಮೊದಲು ತನ್ನನ್ನು ಕರೆಯುತ್ತಾರೆ ಎಂದು ಬಂದೇನವಾಜ ಹೇಳಿದಾಗ ರತ್ನವ್ವ ನಕ್ಕು, ಇನ್ನೊಂದು ರೊಟ್ಟಿ ಅವನ ತಾಟಿಗೆ ಹಾಕಿದ್ದಳು.

ಭಾಗ್ಯಶ್ರೀಯನ್ನು ಹಾಸ್ಟೆಲಿಗೆ ಬಿಟ್ಟು ಬರುವಾಗ ಮಾವ ಅಳಿಯ ಇಬ್ಬರೂ ಕೆಲಗೇರಿಯ ಕೆರೆಯ ದಂಡೆಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದರು. ಯುದ್ಧವೆಂದರೆ ಹೇಗಿರುತ್ತದೆ ಎಂದು ದ್ಯಾಮಣ್ಣ ಕೇಳಿದ. ಹುಡುಗ ಯೋಚಿಸಿ ಹೇಳಿದ್ದ.

"ನಾವು ಯಾರನ್ನೂ ನೋಡಂಗಿಲ್ಲ ಮಾವಾ. ಮ್ಯಾಲ ಗುಡ್ಡದಾಗ ಒಬ್ಬ ಸಾಹೇಬ ಕುಂತು ನೋಡ್ತಾನ, ಲೆಕ್ಕ ಹೇಳ್ತಾನ, ನಾವು ತುಂಬ್ತೀವಿ, ಹಾರಸ್ತೀವಿ. ಅಕಡಿಯವರಿಗೂ ನಾವು ಯಾರಂತ ಗೊತ್ತಿಲ್ಲ. ಅವರೂ ಪಾಪ ಹಂಗ ತುಂಬಾಕತ್ತಿರ್ತಾರ."

ಅದನ್ನೂ ಅವನು ಜೋರಾಗಿಯೇ ಹೇಳಿದ್ದ. ದಂಡೆಯ ಮೇಲೆ ಕಡಲೆ ತಿನ್ನುತ್ತಿದ್ದವರು ತಿರುಗಿ ನೋಡಿದ್ದರು.

ಈಗ ಅವನು ಬರುವವನಿದ್ದ. ಎರಡು ದಿನ ದ್ಯಾಮಣ್ಣನಿಗೆ ಕೂತಲ್ಲಿ ಕೂಡಲು ಪುರಸೊತ್ತಿಲ್ಲ. ತಹಶೀಲ್ದಾರರ ಜೊತೆ ಮಾತಾಡಿ ಹೊಲದ ದಾರಿಗೆ ಗರಸು ಹಾಕಿಸಿದ. ನೀರಿನ ಟ್ಯಾಂಕರು, ಶಾಮಿಯಾನ, ಸೈನ್ಯದವರು ಸಾಲಾಗಿ ನಿಂತು ಗುಂಡು ಹಾರಿಸಲು ಹದವಾದ ಜಾಗ, ದೊಡ್ಡವರ ಕಾರುಗಳಿಗೆ ಬೇರೆ ಜಾಗ, ಎಲ್ಲ ಆಯಿತು. ಕುಣಿ ತೆಗೆಯುವ ಯಲ್ಲೇಶನನ್ನು ಕರೆದು, ಭಾವನ ಸಮಾಧಿಯ ಪಕ್ಕದಲ್ಲಿ ಕುಣಿ ತೆಗೆ ಎಂದ. ಯಲ್ಲೇಶ ಎಂದಿನಂತೆ ತೆಗೆದ. ದ್ಯಾಮಣ್ಣ ಬಗ್ಗಿ ನೋಡಿದ. ಮೆಟ್ಟಿಲು ಸರಿಯಿದ್ದವು, ಗೂಡು ಸರಿಯಿತ್ತು. ಛಲೋ ಆಗೇತಿ ಎಂದು ಮುಂದೆ ಹೋದ. ಹುಡುಗ ಪೆಟ್ಟಿಗೆಯಲ್ಲಿ ಬರುತ್ತಾನೆಂದು ಗೊತ್ತಿತ್ತು. ಪೆಟ್ಟಿಗೆ ಎಷ್ಟು ಉದ್ದವಿರುತ್ತದೆಂದು ಅವನ ತಲೆಗೆ ಹೊಳೆಯಲಿಲ್ಲ. ಊರಿನ ಯಾರ ತಲೆಗೂ ಹೊಳೆಯಲಿಲ್ಲ. ಪೆಟ್ಟಿಗೆಯಲ್ಲಿ ಬಂದರೂ ಕೊನೆಗೆ ಹೊರಗೆ ತೆಗೆದು ಕೂರಿಸುವುದೇ ಅಲ್ಲವೇ ಎಂಬುದು ಎಲ್ಲರ ಮನಸ್ಸಿನಲ್ಲಿ ಕೇಳದೆಯೇ ಕೂತುಬಿಟ್ಟ ಮಾತಾಗಿತ್ತು.

ವಿಮಾನ ನಿಲ್ದಾಣಕ್ಕೆ ಹೊರಡುವಾಗ ಭಾಗ್ಯಶ್ರೀ ತಾನೂ ಬರುವೆನೆಂದು ಹಟ ಹಿಡಿದಳು. ಬರುವ ಹೆಣ್ಣುಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರಾದರೂ ಬೇಕು ಎಂದು ದ್ಯಾಮಣ್ಣ ಅವಳನ್ನು ಬಿಟ್ಟು, ಅಕ್ಕನನ್ನು ಮಾತ್ರ ಕರೆದುಕೊಂಡು ಹೋದ.

ಹುಬ್ಬಳ್ಳಿಯ ನಿಲ್ದಾಣದಲ್ಲಿ ಮಂದಿಯನ್ನೆಲ್ಲ ಗೇಟಿನ ಹೊರಗೇ ತಡೆದಿದ್ದರು. ಒಳಗೆ ಅಧಿಕಾರಿಗಳು, ಪೆಟ್ಟಿಗೆಯ ಜೊತೆ ಬಂದ ಮೇಜರರು, ಸೈನ್ಯದವರು, ಇವರಿಬ್ಬರು. ಧ್ವಜ ಹೊದಿಸಿದ ಪೆಟ್ಟಿಗೆಯನ್ನು ಇಳಿಸಿದವರಲ್ಲಿ ಬಂದೇನವಾಜನೂ ಇದ್ದ. ಎಡಗಿವಿಯ ಮೇಲಿಂದ ಕುತ್ತಿಗೆಯವರೆಗೆ ಪಟ್ಟಿ ಕಟ್ಟಿತ್ತು. ರತ್ನವ್ವ ಪೆಟ್ಟಿಗೆಯ ಮೇಲೆ ಅಂಗೈ ಊರಿ ನಿಂತುಬಿಟ್ಟಳು. ದೊಡ್ಡವರು ಒಬ್ಬೊಬ್ಬರೇ ಪುಷ್ಪಚಕ್ರ ಇಡುತ್ತಿರುವಾಗ ಬಂದೇನವಾಜ ದ್ಯಾಮಣ್ಣನ ತೋಳು ಹಿಡಿದು ಗಾಡಿಯ ಹಿಂದಕ್ಕೆ ಕರೆದೊಯ್ದ.

"ಮಾವಾ, ಪೆಟಗಿ ತೆಗಿಸಬ್ಯಾಡ್ರಿ."

"ಅಕ್ಕ ಮಾರಿ ನೋಡಬೇಕಂತಾಳಪಾ."

"ತೆಗಿಸಬ್ಯಾಡ್ರಿ," ಎಂದು ಅವನು ಮತ್ತೆ ಅದನ್ನೇ ಹೇಳಿದ. "ಒಳಗ ಕಟ್ಟಿದಾಂವ ನಾನ. ಬ್ಯಾರೆಯವರ ಕೈ ಹತ್ತಗೊಟ್ಟಿಲ್ಲ."

ಆಮೇಲೆ ತಡೆ ತಡೆದು ನಡೆದದ್ದನ್ನು ಹೇಳಿದ. ಮೂರು ರಾತ್ರಿ, ಮೂರು ಹಗಲು ತೋಪು ತಣ್ಣಗಾಗಿರಲಿಲ್ಲ. ಆ ಬೆಳಿಗ್ಗೆ ಆ ಕಡೆಯವರಿಗೆ ಇವರ ಜಾಗ ಸಿಕ್ಕಿತು. ಮೊದಲ ಗುಂಡು ಕೆಳಗಿನ ಹಳ್ಳದಲ್ಲಿ ಬಿತ್ತು. ಎಲ್ಲರೂ ಕಂದಕಕ್ಕೆ ಇಳಿಯಿರಿ ಎಂದು ಹುಕುಂ ಆಯಿತು, ಎಲ್ಲರೂ ಇಳಿದರು. ಕಿರಣ ಮಾತ್ರ ಅರ್ಧ ಇಳಿದವನು ತಿರುಗಿ ನೋಡಿದ. ತೋಪಿನ ಪಕ್ಕದಲ್ಲಿ ಮದ್ದಿನ ಚೀಲಗಳು ಬಿಚ್ಚಿಕೊಂಡು ಬಿದ್ದಿದ್ದವು. ಒಂದು ಕಿಡಿ ಹಾರಿದರೆ ಕಂದಕದಲ್ಲಿದ್ದವರೂ ಉಳಿಯುತ್ತಿರಲಿಲ್ಲ.

"ಬ್ಯಾಡೋ ಬಾರೋ ಅಂತ ನಾ ಒದರಿದ್ನಿರಿ. ಅವಗ ಕೇಳಿಸ್ತೋ ಇಲ್ಲೋ. ತಾಡಪಾಲ ಎಳದು ಮುಚ್ಚಿದಾ. ಕಲ್ಲೂ ಇಟ್ಟಾ. ತಿರಗಿ ಬರಬೇಕಂದಾಗ ಎರಡನೇದು ಬಿತ್ತು. ಮದ್ದಿಗಿ ಬೆಂಕಿ ಹತ್ತಲಿಲ್ಲರಿ. ನಾವೆಲ್ಲಾ ಉಳದ್ವಿ."

ತಾಡಪಾಲಿನ ಮಾತು ಎಲ್ಲಿಂದ ಹೋಗಿ ಎಲ್ಲಿ ಮುಟ್ಟಿತ್ತೆಂದು ದ್ಯಾಮಣ್ಣ ಆ ಹುಡುಗನಿಗೆ ಹೇಳುವಂತಿರಲಿಲ್ಲ. ಬೇರೆ ಏನೋ ಕೇಳಬೇಕೆಂದು ಕೇಳಿದ.

"ಲಿಂಗ?"

"ಸಿಕ್ಕಿತ್ರಿ. ಒಳಗ ಇಟ್ಟೇನಿ."

"ಕೈಯಾಗ ಇಟ್ಟಿಯೇನಪಾ?"

ಬಂದೇನವಾಜ ನೆಲ ನೋಡಿದ. "ಬಟ್ಟಿ ಮ್ಯಾಲ ಇಟ್ಟೇನ್ರಿ ಮಾವಾ," ಎಂದ.

ಅಷ್ಟಕ್ಕೆ ದ್ಯಾಮಣ್ಣನಿಗೆ ಎಲ್ಲ ತಿಳಿಯಿತು. ಇದನ್ನು ಅಕ್ಕನ ಕಿವಿಗೆ ಹಾಕಬಾರದೆಂದು ಅವನು ಅಲ್ಲಿಯೇ, ಆ ಗಾಡಿಯ ಹಿಂದೆಯೇ ತೀರ್ಮಾನಿಸಿಬಿಟ್ಟ. ಪೆಟ್ಟಿಗೆಯ ಹತ್ತಿರ ಬಂದು, ಇಲ್ಲಿ ತೆಗೆಯುವಂತಿಲ್ಲ, ಸೈನ್ಯದ ಕಾಯ್ದೆ ಹಾಗಿದೆ ಎಂದು ಹೇಳಿದ. ರತ್ನವ್ವ, ಮನೆಗೆ ಬರಲಿ, ಅಲ್ಲಿ ತೆಗೆಸೋಣ ಎಂದಳು. ಮನೆಗೆ ಬಂದ ಮೇಲೆ, ಹೊಲದಲ್ಲಿ ಮೇಜರ್ ಸಾಹೇಬರ ಎದುರಿಗೇ ತೆಗೆಯಬೇಕಂತೆ ಎಂದ. ಅವಳು ಅದಕ್ಕೂ ಹೂಂ ಎಂದಳು. ಅಂಗಳದಲ್ಲಿ ಪೆಟ್ಟಿಗೆಯಿಟ್ಟಷ್ಟು ಹೊತ್ತೂ ಭಾಗ್ಯಶ್ರೀ ಅದರ ಮೇಲೆ ತಲೆಯಿಟ್ಟುಕೊಂಡು, ಒಂದು ಸಲ ತೋರಿಸಿರಿ, ಒಂದೇ ಸಲ ಎಂದು ಬಂದಬಂದವರ ಕಾಲು ಹಿಡಿಯುತ್ತಿದ್ದಳು. ಹೊಲದಲ್ಲಿ ತೆಗೆಯುತ್ತಾರೆ ಎಂದು ಅವಳಿಗೂ ಅದೇ ಸುಳ್ಳು.

ದ್ಯಾಮಣ್ಣನ ಲೆಕ್ಕ ಇಷ್ಟೇ. ಹೊಲ ಮುಟ್ಟಿದ ಮೇಲೆ ತುತ್ತೂರಿ, ಕವಾಯತು, ಬಂದೂಕಿನ ಸದ್ದು, ಧ್ವಜ ಮಡಚಿ ತಾಯಿಯ ಕೈಗೆ ಕೊಡುವುದು, ಜೈಕಾರ. ಒಂದರ ಹಿಂದೆ ಒಂದು ನಡೆದುಹೋಗುತ್ತದೆ. ಆ ಗದ್ದಲದಲ್ಲಿ ಪೆಟ್ಟಿಗೆ ಇಳಿಸಿಬಿಟ್ಟರೆ, ಮಣ್ಣು ಬಿದ್ದ ಮೇಲೆ ಅಕ್ಕ ತನ್ನನ್ನು ಬೈಯಲಿ, ಹೊಡೆಯಲಿ, ಜೀವಮಾನ ಮಾತು ಬಿಡಲಿ. ಅವಳು ನೋಡದಿದ್ದರೆ ಸಾಕು.

ಹೊಲದ ಬದುವಿನ ಮೇಲೆ ಕಾಲಿಟ್ಟಾಗ ಪೆಟ್ಟಿಗೆ ಹೊತ್ತವರು ನಿಂತರು. ಮುಂದಿದ್ದ ಮೇಜರರು ಕುಣಿ ನೋಡಿದರು, ತಿರುಗಿ ಪೆಟ್ಟಿಗೆ ನೋಡಿದರು. ದ್ಯಾಮಣ್ಣನೂ ನೋಡಿದ. ಕುಣಿ ಚೌಕವಾಗಿತ್ತು.

ಪೆಟ್ಟಿಗೆಯನ್ನು ಟ್ರ್ಯಾಕ್ಟರಿನ ಟ್ರೇಲರಿನ ಮೇಲೆ ಇಳಿಸಿದರು. ತುತ್ತೂರಿಯವನು ತುತ್ತೂರಿಯನ್ನು ತುಟಿಯಿಂದ ತೆಗೆದ. ಯಲ್ಲೇಶನ ಮುಖ ಸುಣ್ಣವಾಯಿತು. "ನೀವ ಕುಣಿ ತಗಿ ಅಂದ್ರಿ ಧಣಿ. ನಮ್ಮ ಕಡೆ ಕುಣಿ ಅಂದ್ರ ಹಿಂಗ ಅಲ್ಲೇನ್ರಿ," ಎಂದು ಸಣ್ಣ ದನಿಯಲ್ಲಿ ಹೇಳಿದ. ಅವನದೇನೂ ತಪ್ಪಿರಲಿಲ್ಲ. ಕುಣಿ ಆಳವಾಗಿದೆ, ಪೆಟ್ಟಿಗೆಯನ್ನು ನಿಲ್ಲಿಸಿ ಇಳಿಸಿಬಿಡೋಣ ಎಂದ ಒಬ್ಬ. "ಮನಶ್ಯಾನ ಇಡಾಕತ್ತೀವೋ, ಕರೆಂಟಿನ ಕಂಬ ನಡಾಕತ್ತೀವೋ," ಎಂದು ಇನ್ನೊಬ್ಬ ಅವನನ್ನು ಗದರಿದ.

ಆಗ ಗುರುಶಿದ್ದಪ್ಪ ಮುಂದೆ ಬಂದ. ರತ್ನವ್ವನ ಗಂಡನ ದೊಡ್ಡಪ್ಪನ ಮಗ, ಮನೆತನದಲ್ಲಿ ಈಗ ಅವನೇ ಹಿರಿಯ. ಕೆಟ್ಟವನಲ್ಲ, ಆದರೆ ಪದ್ಧತಿಯ ಮಾತು ಬಂದರೆ ಅವನ ದನಿ ತಾನಾಗಿಯೇ ಏರುತ್ತಿತ್ತು.

"ಪೆಟಗಿ ಸರಕಾರದ್ದು, ಹುಡುಗ ನಮ್ಮಾಂವ," ಎಂದ ಅವನು. "ಕುಣಿ ಯಾಕ ಕೆಡಸ್ತೀರಿ? ಪೆಟಗಿ ತಗೀರಿ, ಕುಂದರಸೋಣು. ನಮ್ಮ ಮನಿತನದಾಗ ಇವತ್ತಿನತನಕ ಯಾರನ್ನೂ ಮಲಗಿಸಿ ಮುಚ್ಚಿಲ್ಲ. ದೇಶಕ್ಕ ಜೀವ ಕೊಟ್ಟಾಂವಗ ನಾವ ಇಷ್ಟೂ ಮಾಡ್ಲಿಲ್ಲಂದ್ರ ಹೆಂಗ?"

ಮಂದಿಗೆ ಆ ಮಾತು ಹಿಡಿಸಿತು. ಹೌದು, ತೆಗೆಯಿರಿ, ದರ್ಶನವಾಗಲಿ ಎಂದು ಹಿಂದಿನಿಂದ ಕೂಗೆದ್ದಿತು. ಯಾರೋ ಮುಖಂಡರು ಮೇಜರರ ಕಿವಿಯಲ್ಲಿ, ಜನರ ಭಾವನೆಗೆ ಬೆಲೆ ಕೊಡಬೇಕಾಗುತ್ತದೆ ಎಂದರು. ಮೇಜರರು ಆಗುವುದಿಲ್ಲ ಎಂದು ತಲೆಯಾಡಿಸಿದಷ್ಟೂ ಕೂಗು ಹೆಚ್ಚಾಯಿತು. ಹುಡುಗರು ಬೇವಿನ ಗಿಡ ಹತ್ತಿದರು, ಟ್ರ್ಯಾಕ್ಟರಿನ ಗಾಲಿ ಹತ್ತಿದರು. ಬಂದೇನವಾಜ ಪೆಟ್ಟಿಗೆಯ ತಲೆಯ ಕಡೆ ಹೋಗಿ, ಎರಡೂ ಕೈಯನ್ನು ಮುಚ್ಚಳದ ಮೇಲೆ ಒತ್ತಿ ನಿಂತ. "ಏ, ಇವನ್ಯಾಂವ ಅಡ್ಡ ನಿಲ್ಲಾಂವ?" ಎಂದು ಯಾರೋ ಕೇಳಿದರು. ಆ ಪ್ರಶ್ನೆ ಯಾವ ಕಡೆ ಹೊರಳುವುದೆಂದು ದ್ಯಾಮಣ್ಣನಿಗೆ ಗೊತ್ತಿತ್ತು.

ಅದಕ್ಕಿಂತ ಅವನನ್ನು ಹೆದರಿಸಿದ್ದು ಎತ್ತಿದ ಕೈಗಳು. ನೋಡಿದಲ್ಲೆಲ್ಲ ಕೈ, ಕೈಗೊಂದು ಮೊಬೈಲು. ಮುಚ್ಚಳ ತೆಗೆದ ಮರುಗಳಿಗೆಯೇ ಹುಡುಗ ಊರೂರಿಗೆ ಹೋಗುತ್ತಾನೆ. ನಾಳೆ ಹುಬ್ಬಳ್ಳಿಯ ಚಹಾದಂಗಡಿಯಲ್ಲಿ ಕೂತವರು ಬೆರಳಿನಿಂದ ಸರಿಸಿ ನೋಡುತ್ತಾರೆ. ಭಾಗ್ಯಶ್ರೀಯ ಫೋನಿಗೂ ಯಾರೋ ಕಳಿಸುತ್ತಾರೆ. ಒಮ್ಮೆ ಹೋದದ್ದನ್ನು ಯಾರೂ ಹಿಂದೆ ತರಲಾರರು. ಒಳಗೆ ಏನಿದೆಯೆಂದು ತಾನು ಕೂಗಿ ಹೇಳಿದರೂ ಅಷ್ಟೇ, ಹೇಳದಿದ್ದರೂ ಅಷ್ಟೇ. ಮನೆತನದ ಹಿರಿಯನಿಗೆ, ಊರಿಗೆ, ಎಲ್ಲರಿಗೂ ಬೇಡವೆನ್ನುವ ಹಕ್ಕು ಒಬ್ಬಳಿಗೇ ಇತ್ತು.

ಅವನು ಅಕ್ಕನ ಹತ್ತಿರ ಹೋದ. ಅವಳು ಗಂಡನ ಸಮಾಧಿಯ ಕಟ್ಟೆಯ ಮೇಲೆ ಕೂತಿದ್ದಳು. ಮಡಿಲಲ್ಲಿ ವಿಭೂತಿಯ ಗಟ್ಟಿ, ಪತ್ರಿ. ಸಾಹೇಬರು ಈಗ ತೆಗೆಯುತ್ತಾರೇನು ಎಂದು ಕೇಳಿದಳು. ದ್ಯಾಮಣ್ಣ ಅವಳ ಎದುರು ಕುಕ್ಕರಗಾಲಲ್ಲಿ ಕೂತ.

"ಅಕ್ಕಾ, ಕುಂದರಸಾಕ ಬರಂಗಿಲ್ಲ."

"ಯಾಕ?"

"ಕುಂದ್ರೂವಂಥದ್ದು ಉಳದಿಲ್ಲ."

ರತ್ನವ್ವ ಅವನನ್ನೇ ನೋಡಿದಳು. ಅವನು ಸುಳ್ಳು ಹೇಳುವಾಗ ಹೇಗಿರುತ್ತಾನೆಂದು ಅವಳಿಗೆ ಅವನು ಚಡ್ಡಿ ಹಾಕುವಾಗಿನಿಂದ ಗೊತ್ತಿತ್ತು. ಈಗ ಹಾಗಿರಲಿಲ್ಲ.

"ಮಾರಿ?" ಎಂದಳು.

ಅವನು ಅದೂ ಇಲ್ಲವೆಂದು ತಲೆಯಾಡಿಸಿದ.

"ಯಾರ್ ನೋಡ್ಯಾರ?"

"ಬಂದೇನವಾಜ ಒಬ್ಬನ. ಅವನ ಕೂಡಿಸಿ ಕಟ್ಟ್ಯಾನ. ಮೂರು ದಿನ ಮೂರು ರಾತ್ರಿ ಇಬ್ಬರೂ ತೋಪ ಬಿಟ್ಟಿದ್ದಿಲ್ಲಂತ."

ಅವಳು ಕಣ್ಣೆತ್ತಿ ಟ್ರೇಲರಿನ ಕಡೆ ನೋಡಿದಳು. ಪಟ್ಟಿ ಕಟ್ಟಿದ ಹುಡುಗ ಇನ್ನೂ ಕೈ ಒತ್ತಿಕೊಂಡೇ ನಿಂತಿದ್ದ. ಸುತ್ತಲಿನ ಹುಡುಗರು ಅವನನ್ನು ಸರಿಸಲು ನೋಡುತ್ತಿದ್ದರು. ಅವಳು ಎತ್ತಿದ ಕೈಗಳನ್ನೂ ನೋಡಿದಳು. ಆಮೇಲೆ ಮಡಿಲಲ್ಲಿದ್ದದ್ದನ್ನು ತಮ್ಮನ ಕೈಗೆ ಕೊಟ್ಟು, ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ಎದ್ದಳು. ಅವಳು ಬರುವುದನ್ನು ಕಂಡು ಮಂದಿ ದಾರಿ ಬಿಟ್ಟಿತು. ಗದ್ದಲ ತಾನಾಗಿಯೇ ತಗ್ಗಿತು.

"ಭಾವಾ, ಪೆಟಗಿ ಯಾರೂ ಮುಟ್ಟಬ್ಯಾಡ್ರಿ," ಎಂದಳು ಗುರುಶಿದ್ದಪ್ಪನಿಗೆ. ಎಲ್ಲರಿಗೂ ಕೇಳುವಂತೆ, ಆದರೆ ಕೂಗದೆ ಹೇಳಿದಳು. "ನಾ ನೋಡೇನಿ. ವಿಮಾನ ಇಳದಲ್ಲೇ ಸಾಹೇಬ್ರು ತಗದು ನನಗ ತೋರಿಸ್ಯಾರ. ಮಾರಿ ಹೆಂಗಿತ್ತೋ ಹಂಗ ಐತಿ. ಲಿಂಗ ನನ್ನ ಕೈಯಿಂದ ಅವನ ಅಂಗೈಯಾಗ ಇಟ್ಟೇನಿ. ಇನ್ನೊಮ್ಮೆ ತಗದು ನನ್ನ ಮಗನ್ನ ಬಿಸಲಾಗ ಇಡಬ್ಯಾಡ್ರಿ."

"ಕುಂದರಸೂದು, ರತ್ನವ್ವಾ..." ಎಂದು ಗುರುಶಿದ್ದಪ್ಪ ತಡವರಿಸಿದ.

"ಮೂರು ದಿನ ಮೂರು ರಾತ್ರಿ ಕುಂತಿಲ್ಲ, ನಿಂತಿಲ್ಲ, ತೋಪಿಗೆ ದುಡದಾನ. ದಣದಾನ. ಮಲಕೊಳ್ಳಲಿ." ಅವಳು ಯಲ್ಲೇಶನ ಕಡೆ ತಿರುಗಿದಳು. "ಕುಣಿ ಉದ್ದ ತಗಿಯಪಾ."

ಮೇಜರರಿಗೆ ಕನ್ನಡ ಬಾರದು. ಬಂದೇನವಾಜ ಅವರಿಗೆ ಒಂದೆರಡು ಮಾತಿನಲ್ಲಿ ಹೇಳಿದ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಯ ಪಕ್ಕದಿಂದ ಕದಲದೆ ನಿಂತಿದ್ದ ಆ ಮೇಜರರು ತಾಯಿಯನ್ನೊಮ್ಮೆ ನೋಡಿ, ಮುಖಂಡರತ್ತ ತಿರುಗಿ, ಹೌದು, ತೋರಿಸಿದ್ದೇವೆ ಎಂದು ಹಿಂದಿಯಲ್ಲಿ ಹೇಳಿದರು. ಕೈಗಳು ಒಂದೊಂದಾಗಿ ಕೆಳಗಿಳಿದವು. ತಾಯಿಯೇ ನೋಡಿದ್ದಾಳೆಂದ ಮೇಲೆ ಇನ್ನೇನು ಎಂದು ಮಂದಿ ಮಾತಾಡಿಕೊಂಡಿತು. ಗುರುಶಿದ್ದಪ್ಪನೂ ಸುಮ್ಮನಾಗಿ, ತಾನೇ ಒಂದು ಸಲಿಕೆ ಕೇಳಿ ತೆಗೆದುಕೊಂಡ.

ಹೆಣ್ಣುಮಕ್ಕಳ ಗುಂಪಿನಲ್ಲಿ ಭಾಗ್ಯಶ್ರೀ ನಿಂತಿದ್ದಳು. ಅವಳು ಅಳುವುದನ್ನು ನಿಲ್ಲಿಸಿ ಅವ್ವನನ್ನು ನೋಡುತ್ತಿದ್ದಳು. ಆ ನೋಟವನ್ನು ದ್ಯಾಮಣ್ಣ ಕಂಡ. ಆದರೆ ಆಗ ಅವನು ಕುಣಿಗೆ ಇಳಿಯುವ ಗಡಿಬಿಡಿಯಲ್ಲಿದ್ದ.

ಯಲ್ಲೇಶ ಕೊರೆದ ಗೂಡನ್ನು ತಾವೇ ಒಡೆದು ಹಾಕಿ, ಕಪ್ಪು ಮಣ್ಣನ್ನು ಉದ್ದಕ್ಕೆ ಅಗೆದರು. ಬಿಸಿಲಿಗೆ ಮಣ್ಣು ಕಲ್ಲಾಗಿತ್ತು. ಸಿಪಾಯಿಗಳು ಬಂದೂಕು ಹಿಡಿದು ಅಷ್ಟು ಹೊತ್ತೂ ಅಲುಗದೆ ನಿಂತರು. ದೊಡ್ಡವರಿಗೆ ದ್ಯಾಮಣ್ಣ ಹಾಕಿಸಿದ್ದ ಖುರ್ಚಿಗಳಲ್ಲಿ ಯಾರೂ ಕೂಡಲಿಲ್ಲ. ಮಠದ ಅಯ್ಯನವರು ಸತ್ತವನ ತಲೆಯ ಮೇಲೆ ಪಾದವಿಡುವುದು ಪದ್ಧತಿ. ಅವರು ಪೆಟ್ಟಿಗೆಯ ತಲೆಯ ಕಡೆಗೆ ಪಾದ ಮುಟ್ಟಿಸಿ, ಇಷ್ಟು ಸಾಕು, ಇಳಿಸಿರಿ ಎಂದರು. ಬಂದೂಕುಗಳು ಹಾರಿದವು. ಬೇವಿನ ಗಿಡದ ಹಕ್ಕಿಗಳೆಲ್ಲ ಎದ್ದು ಹೋದವು. ಮಡಚಿದ ಧ್ವಜವನ್ನು ಮೇಜರರು ರತ್ನವ್ವನ ಕೈಗೆ ಕೊಟ್ಟರು. ಅವಳು ಬಂದೇನವಾಜನನ್ನು ಹತ್ತಿರ ಕರೆದು ಅವನ ಎರಡೂ ಅಂಗೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಅವನು ಆ ಹೊತ್ತಿನವರೆಗೂ ಅತ್ತಿರಲಿಲ್ಲ.

ಸುಳ್ಳು ಹೇಳುವುದು ಒಂದು ಗಳಿಗೆಯ ಕೆಲಸ. ಅದನ್ನು ಸಾಕುವುದೇ ಕಷ್ಟ. ದ್ಯಾಮಣ್ಣನಿಗೆ ವ್ಯಾಪಾರದಲ್ಲಿ ಗೊತ್ತಿದ್ದ ಈ ಮಾತು ಮನೆಯಲ್ಲಿ ಗೊತ್ತಾದದ್ದು ಆಮೇಲೆ. ಮಾತಾಡಿಸಲು ಬಂದ ಹೆಂಗಸರೆಲ್ಲ ರತ್ನವ್ವನನ್ನು ಕೇಳುವುದು ಅದನ್ನೇ. ಪಕ್ಕದ ಮನೆಯ ಮುತ್ತವ್ವ ಮೊದಲು ಕೇಳಿದಳು, ಮಾರಿ ಕಂದಿತ್ತೇನವ್ವಾ ಎಂದು. ಇಲ್ಲ, ಬಿಸಿಲಿಗೆ ಸ್ವಲ್ಪ ಕಪ್ಪಾಗಿತ್ತು ಅಷ್ಟೇ ಎಂದಳು ರತ್ನವ್ವ. ಇನ್ನೊಬ್ಬಳು ಕೂದಲ ಬಗ್ಗೆ ಕೇಳಿದಳು. ಹಣೆಯ ಮೇಲೆ ಬಂದಿತ್ತು, ಹಿಂದೆ ಸರಿಸಿದೆ ಎಂದಳು. ಬಂದವರಿಗೆ ಸಮಾಧಾನವಾಗುತ್ತಿತ್ತು, ನಿನ್ನ ಪುಣ್ಯ, ನೋಡುವುದಾದರೂ ಆಯಿತು ಎನ್ನುತ್ತಿದ್ದರು. ಅವಳು ಹೂಂ ಎನ್ನುತ್ತಿದ್ದಳು.

ಭಾಗ್ಯಶ್ರೀ ಮಾತ್ರ ಅವ್ವನ ಜೊತೆ ಮಾತು ಬಿಟ್ಟಳು. ಕೊಟ್ಟ ತಾಟು ಮುಟ್ಟುತ್ತಿರಲಿಲ್ಲ. ಕೇಳಿದ್ದಕ್ಕೆ ಗೋಡೆ ನೋಡುತ್ತಿದ್ದಳು. ಮುತ್ತವ್ವನ ಎದುರು ಒಮ್ಮೆ, ಅವ್ವ ತಾನೊಬ್ಬಳೇ ನೋಡಿಕೊಂಡು ಬಂದಳು, ಅಂಗಳದಲ್ಲಿ ನಾನು ಮಂದಿಯ ಕಾಲು ಹಿಡಿಯುವಾಗಲೂ ಬಾಯಿ ಬಿಡಲಿಲ್ಲ, ಅವನು ಅವಳಿಗೊಬ್ಬಳಿಗೇ ಮಗನಾಗಿದ್ದನೇನು ಎಂದಳಂತೆ. ದ್ಯಾಮಣ್ಣನಿಗೆ ತಡೆಯಲಾಗಲಿಲ್ಲ. ಹುಡುಗಿಗೆ ಇದ್ದದ್ದನ್ನು ಹೇಳಿಬಿಡುತ್ತೇನೆ, ಅವಳೇನು ಸಣ್ಣವಳಲ್ಲ ಎಂದು ಅಕ್ಕನ ಹತ್ತಿರ ಹೋದ. ರತ್ನವ್ವ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಹೇಳಬ್ಯಾಡ," ಎಂದಳು. "ನನಗ ನೀ ಹೇಳಿದಿ. ಅವತ್ತಿನಿಂದ ಕಣ್ಣ ಮುಚ್ಚಿದ್ರ ಏನ ಕಾಣ್ತೈತಿ ನಿನಗೇನ ಗೊತ್ತು? ಆಕಿ ನನ್ನ ಮ್ಯಾಲ ಸಿಟ್ಟಾಗಿ ಮಲಕೋತಾಳ. ನಿದ್ದಿ ಹತ್ತತೈತಿ ಆಕಿಗೆ."

ಅವನು ಎದ್ದು ಬಂದ.

ಮಳೆ ಶುರುವಾಗಿ, ಭಾಗ್ಯಶ್ರೀ ಕಾಲೇಜಿಗೆ ಮರಳುವ ದಿನ ಬಂತು. ಹಾಸ್ಟೆಲಿಗೆ ಬಿಡಲು ದ್ಯಾಮಣ್ಣ ಕಾರು ತಂದು ಪಡಸಾಲೆಯಲ್ಲಿ ಕೂತಿದ್ದ. ಹುಡುಗಿ ಚೀಲ ಹಿಡಿದು ಹೊಸ್ತಿಲವರೆಗೆ ಬಂದವಳು ನಿಂತಳು. ಅಷ್ಟು ದಿನದ ಮೇಲೆ ಮೊದಲ ಸಲ ಅವ್ವನ ಕಡೆ ತಿರುಗಿದಳು.

"ಹೆಂಗಿದ್ದ?" ಎಂದಳು. "ನನಗೂ ಹೇಳು."

ರತ್ನವ್ವ ಹೇಳತೊಡಗಿದಳು. ಊರ ಹೆಂಗಸರಿಗೆ ಹೇಳಿದ್ದನ್ನಲ್ಲ. ಗಲ್ಲದ ಮೇಲಿನ ಮೊಡವೆಯ ಕಲೆ, ಸರಿಯಾಗಿ ಬೋಳಿಸಿಕೊಳ್ಳದ ಗದ್ದ, ಒಂದು ಬದಿಗೆ ಸರಿದ ತುಟಿ, ಏನೋ ಕೇಳಿಸಿಕೊಳ್ಳುವವನಂತೆ ತುಸು ಓರೆಯಾಗಿದ್ದ ಕತ್ತು. ಯುಗಾದಿಗೆ ಬಂದಿದ್ದ ಮಗನನ್ನೇ ಅವಳು ಎತ್ತಿ ತಂದು ಆ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ಭಾಗ್ಯಶ್ರೀ ಚೀಲ ಕೆಳಗಿಟ್ಟಳು.

"ಕಣ್ಣು ಮುಚ್ಚಿದ್ವಾ?"

ರತ್ನವ್ವ ತಡೆದಳು. ಅದನ್ನು ಅವಳು ಯೋಚಿಸಿರಲಿಲ್ಲ. ಅಷ್ಟು ಹೊತ್ತು ಸರಾಗ ನಡೆದ ಬಾಯಿ ಅಲ್ಲಿಯೇ ನಿಂತಿತು. ಅವಳ ಕಣ್ಣು ತಮ್ಮನ ಕಡೆ ಹೊರಳಿದವು. ಭಾಗ್ಯಶ್ರೀಯ ಹುಬ್ಬು ಕೂಡಿಕೊಂಡಿತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಆ ಬುದ್ಧಿವಂತ ಹುಡುಗಿಗೆ ಎಲ್ಲ ತಿಳಿದುಹೋಗುತ್ತಿತ್ತು.

"ತೆರದಿದ್ವು," ಎಂದ ದ್ಯಾಮಣ್ಣ. "ನಾನ ಮುಚ್ಚಿದೆ."

ಹುಡುಗಿ ಅವನತ್ತ ತಿರುಗಿದಳು. "ನೀನೂ ನೋಡಿದಿ?"

"ನೋಡಿದೆ. ನಿನ್ನ ಮನ್ಯಾಗ ಬಿಟ್ಟಾಂವ ನಾನ. ಆಕಿಗೆ ತೋರಿಸಬ್ಯಾಡ, ಹೇಳಬ್ಯಾಡಂತ ನಿಮ್ಮವ್ವಗ ಆಣಿ ಹಾಕ್ಸಿದಾಂವನೂ ನಾನ. ಹುಡಿಗಿ ತಡ್ಕೊಳ್ಳಂಗಿಲ್ಲ ಅಂತ ನನಗ ಅನಿಸ್ತು. ನಿಮ್ಮವ್ವಂದೇನೂ ಇಲ್ಲ ಅದರಾಗ."

ಭಾಗ್ಯಶ್ರೀ ಅವನ ಎದುರಿಗೆ ಬಂದು ನಿಂತಳು. ಚಿಕ್ಕಂದಿನಲ್ಲಿ ಅವನ ಹೆಗಲ ಮೇಲೆ ಕೂತು ಪೇಟೆ ಸುತ್ತಿದವಳು. ಕಾಲೇಜಿಗೆ ಹೆಸರು ಹಚ್ಚಲು ಅಪ್ಪನ ಜಾಗದಲ್ಲಿ ಅವನನ್ನು ನಿಲ್ಲಿಸಿಕೊಂಡವಳು. "ನಿನಗ್ಯಾರ ಕೊಟ್ರು ಮಾವಾ ಆ ಅಧಿಕಾರ?" ಎಂದು ಕೇಳಿದಳು.

ಅವಳು ಬಸ್ಸಿಗೇ ಹೋಗುತ್ತೇನೆ, ಕಾರು ಬೇಡ ಎಂದಳು. ಆದರೆ ತಕ್ಷಣ ಹೋಗಲಿಲ್ಲ. ಅವ್ವನ ಪಕ್ಕದಲ್ಲಿ ಕೂತು ಅವಳ ಹೆಗಲಿಗೆ ಹಣೆಯಿಟ್ಟಳು. ರತ್ನವ್ವ ಮಗಳ ಬೆನ್ನ ಮೇಲೆ ಕೈಯಾಡಿಸುತ್ತ ತಮ್ಮನ ಕಡೆ ನೋಡಿದಳು. ಅವನು ಹೋಗಲಿ ಬಿಡು ಎನ್ನುವಂತೆ ಕೈ ಅಲುಗಿಸಿ, ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದ. ಒಳಗೆ ಹುಡುಗಿ ಇನ್ನೂ ಏನೇನೋ ಕೇಳುತ್ತಿದ್ದಳು, ತಾಯಿ ಒಂದೊಂದಾಗಿ ಹೇಳುತ್ತಿದ್ದಳು. ಧಾರವಾಡದ ಬಸ್ಸು ಬಂದು ಅವಳನ್ನು ಹತ್ತಿಸಿಕೊಂಡು ಹೋಗುವವರೆಗೆ ಅವನು ಕಾರಿನ ಬಾಗಿಲಿಗೆ ಒರಗಿ, ಮಳೆಯಲ್ಲಿ ಹಾಗೆಯೇ ನಿಂತಿದ್ದ.